ರೇಷ್ಮೆಬಾಲ

ಬಿಸಿನೀರು ಬೇಡ, ಎಂದ ಎಂಡೆಲ್.
ಬಿಸಿ ತಾಗಿದರೆ ನೆತ್ತರು ಗರಿಯಲ್ಲೇ ಬೇರು ಬಿಡುತ್ತದೆ,
ಆಮೇಲೆ ಯಾವ ಸೋಪಿಗೂ ಜಗ್ಗುವುದಿಲ್ಲ.
ತಣ್ಣೀರೇ ಸೈ.
ವಿಲ್ಯಾಂಡಿಯ ಜನವರಿಯ ನಲ್ಲಿನೀರು,
ಬೆರಳು ನನ್ನದೋ ಪರರದೋ ತಿಳಿಯದು.

ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಕೈ.
ಈಗ ಅದರೊಳಗೆ ಒಂದು ಹಿಡಿಯೂ ತುಂಬದ ತೊಗಲು.
ಮೂರು ವಾರ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕ,
ಇಲಾಖೆಯ ಚೀಟಿ ಅಂಟಿಸಿಕೊಂಡು ಮಲಗಿತ್ತು.
ಮಾಂಸವನ್ನು ಮೊನ್ನೆಯೇ ಬಿಡಿಸಿದೆವು.
ಗಂಟಲೊಳಗೆ ಆರು ರೋವನ್ ಹಣ್ಣು,
ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿ
ಮರದಲ್ಲೇ ಹೆಂಡವಾದವು.

ದಿನಾ ನಸುಕಿಗೆ ಕೊಳವೆಗೆ ಊದಿ
ಕುಡಿದಿಲ್ಲವೆಂದು ರುಜುವಾತು ಕೊಟ್ಟರಷ್ಟೇ
ಚಾಲೂ ಆಗುವುದು ನನ್ನ ಬಸ್ಸು.
ಆವತ್ತೂ ಊದಿದ್ದೆ.
ಕುಡಿದದ್ದು ಹಕ್ಕಿ.
ಹಾಗಂತ ಎಂಡೆಲನಿಗೆ ಎರಡು ಸಲ ಹೇಳಿದೆ.
ಅವನು ಸೋಪಿನ ಬಾಟಲಿ ಮುಂದೆ ತಳ್ಳಿದ:
ಪಾತ್ರೆ ತೊಳೆಯುವುದೇ. ಎರಡೇ ಹನಿ.

ಗರಿ ಹೋದ ದಿಕ್ಕಿಗೇ ಕೈಯೂ ಹೋಗಬೇಕು,
ಬುಡದಿಂದ ತುದಿಗೆ. ಉಜ್ಜಬೇಡ, ಒತ್ತು.
ಹಿಂಡಬೇಡ ಅಂದೆನಲ್ಲ, ಒತ್ತು.
ಒಳಮೈಯಲ್ಲಿ ಒಂದು ಚೂರು ಕೊಬ್ಬು ಉಳಿದರೂ
ಬರುವ ಬೇಸಿಗೆಗೆ ಹಳದಿ ಎಣ್ಣೆಯಾಗಿ ಒಸರಿ
ಎದೆಯ ಬಾದಾಮಿ ಬಣ್ಣವನ್ನೆಲ್ಲ ಜಿಡ್ಡು ಮಾಡುತ್ತದೆ.
ಮೊದಲ ನೀರು ಚಹಾ. ಎರಡನೆಯದು ಗುಲಾಬಿ.
ಐದನೆಯದರಲ್ಲಿ, ಕೊನೆಗೂ,
ಬೋಗುಣಿಯ ತಳದ ಹೂವಿನ ಚಿತ್ರ ಕಂಡಿತು.

ಆಗ ಸರಿಯಾಗಿ ನೋಡಿದೆ ಅದನ್ನು:
ನೆಂದ ಕಾಲುಚೀಲ. ಚರಂಡಿಯಿಂದೆತ್ತಿದ ಚಿಂದಿ.
ಜುಟ್ಟೆಲ್ಲಿ? ಕಣ್ಣಿನ ಕಪ್ಪು ಪಟ್ಟಿಯೆಲ್ಲಿ?
ನಮ್ಮ ಮಾತಿನಲ್ಲಿ ಇದರ ಹೆಸರೇ ರೇಷ್ಮೆಬಾಲ,
ಬಾಲವೋ, ಸೀದ ಬತ್ತಿ.
ಗಾಜಿಗೆ ಬಡಿದು ಕೊಂದೆ ಒಮ್ಮೆ,
ತೊಳೆದು ಇನ್ನೊಮ್ಮೆ.
ಎಂಡೆಲ್ ಕಿಟಕಿಯಾಚೆ ನೋಡುತ್ತ
ತನ್ನ ಮೊದಲ ಹಕ್ಕಿಯ ಸುದ್ದಿ ತೆಗೆದ. ಗೂಬೆ.
ಸೇನೆಯಿಂದ ಮರಳಿದ ವರ್ಷ. ಹೀಗೇ ನೆಂದಿದ್ದನ್ನು ಕಂಡು
ಹೇಸಿ, ಒಲೆಗೆ ಹಾಕಿಬಿಟ್ಟನಂತೆ.
ಕಾಯಬೇಕಿತ್ತು, ಎಂದ. ಅಷ್ಟೇ.

ಹಳೇ ಟವೆಲ್ಲು. ಆಮೇಲೆ ಆಲೂಗಡ್ಡೆಯ ಹಿಟ್ಟು,
ಹಣ್ಣಿನ ರಸ ಗಟ್ಟಿಯಾಗಲೆಂದು
ಅಮ್ಮ ಕಲಕುತ್ತಿದ್ದಳಲ್ಲ, ಅದೇ.
ನೀರು ಹೀರಿ ಉಂಡೆಗಟ್ಟಿ ಉದುರುತ್ತದೆ,
ಕೊಡವು, ಮತ್ತೆ ಹಾಕು, ಕೊಡವು.
ಬಳಿಕ ಮಗಳ ಹೇರ್ ಡ್ರೈಯರ್, ತಂಪು ಗಾಳಿಗೆ ತಿರುಗಿಸಿ.

ಹತ್ತು ನಿಮಿಷ ಏನೂ ಇಲ್ಲ.
ಹನ್ನೊಂದಕ್ಕೆ ಕತ್ತಿನ ಬುಡದಲ್ಲಿ ಒಂದು ಬೂದು ಎಳೆ
ಎದ್ದು ಅಲ್ಲಾಡಿತು. ಗಾಳಿಗಿರಬೇಕು, ಅಂದುಕೊಂಡೆ.
ಆಮೇಲೆ ಅದರ ಪಕ್ಕದ್ದು.
ಆಮೇಲೆ ಹೊಟ್ಟೆಯ ತುಪ್ಪುಳೆಲ್ಲ
ಹಾಲುಕ್ಕಿದ ಹಾಗೆ,
ಯಾರ ಮಾತೂ ಕೇಳದೆ.
ಡ್ರೈಯರ್ ಹಿಡಿದ ತೋಳು ನೋಯುತ್ತಿತ್ತು. ಇಳಿಸಲಿಲ್ಲ.

ಸೀಳಿದ ಗರಿಯನ್ನು ಎರಡು ಬೆರಳ ನಡುವೆ
ಮೆಲ್ಲಗೆ ಎಳೆದರೆ ಸಾಕು, ಎಳೆಗೆ ಎಳೆ ಕೊಂಡಿ ಹಾಕಿಕೊಂಡು
ಮುಚ್ಚಿಕೊಳ್ಳುತ್ತದೆ. ಸತ್ತ ಮೇಲೂ
ಬಿಟ್ಟಿಲ್ಲ ಆ ಅಭ್ಯಾಸ.
ರೆಕ್ಕೆಯ ಕೆಂಪು ಮೇಣದ ಚುಕ್ಕಿ ಎಣಿಸಿದೆ:
ಎಡಕ್ಕೆ ಆರು, ಬಲಕ್ಕೆ ಐದು.
ಇನ್ನೊಂದು ನನ್ನ ವೈಪರಿನಲ್ಲೋ,
ಬಸ್ಸು ತೊಳೆಯುವ ಹುಡುಗನ ಬಕೆಟ್ಟಿನಲ್ಲೋ.

ತಂತಿ, ಹತ್ತಿ, ಗಾಜಿನ ಕಣ್ಣು ಮುಂದಿನ ವಾರಕ್ಕೆ.
ಎರಡೂವರೆಯ ಪಾಳಿಗೆ ಹೊರಟೆ, ತೋಳಿನ ಮೇಲೆ ಹಿಟ್ಟು.
ಕೊಳವೆಗೆ ಊದಿದೆ. ಹಸಿರು ದೀಪ.
ರೋವನ್ ಮರಗಳ ತಿರುವಿನಲ್ಲಿ
ಯಾವ ಸ್ಟಾಪೂ ಇಲ್ಲದ ಕಡೆ ನಿಧಾನ ಮಾಡಿದೆ.
ಹಿಂದಿನ ಸೀಟಿನಿಂದ ಯಾರೋ, ಏನಾಯಿತು?
ಏನಿಲ್ಲ, ಎಂದೆ,
ಎರಡನೇ ಗೇರಿನಲ್ಲೇ ದಾಟಿದೆ.